ತಮ್ಮ ವಿರುದ್ಧ ತಾವೇ ಹೇಳಬೇಕಾದ ಸಾಕ್ಷಿ

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಮೊದಲೇ ಅದರ ಜಾತಿ ಪಟ್ಟಿಯ ಮೇಲೆ ಜಗಳ ಶುರುವಾಗಿತ್ತು. ಪಟ್ಟಿಯಲ್ಲಿ ‘ಕುರುಬ ಕ್ರೈಸ್ತ’, ‘ಒಕ್ಕಲಿಗ ಕ್ರೈಸ್ತ’, ‘ಮಾದಿಗ ಕ್ರೈಸ್ತ’ ಎಂಬಂತಹ ಜೋಡಿ ಹೆಸರುಗಳಿದ್ದವು. ಮಂಡ್ಯದಂತಹ ಜಿಲ್ಲೆಯಲ್ಲಿ ‘ಒಕ್ಕಲಿಗ ಕ್ರೈಸ್ತ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅರಳಿಕಟ್ಟೆಯಲ್ಲಿ ಕುಳಿತವರು ಸುಮ್ಮನಿರುತ್ತಾರೆಯೇ? ಮತಾಂತರಕ್ಕೆ ಸರ್ಕಾರವೇ ಹೆಸರಿಟ್ಟು ಮುದ್ರೆ ಒತ್ತುತ್ತಿದೆ ಎಂದು ವಿರೋಧ ಪಕ್ಷ ಆರೋಪಿಸಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಆಯೋಗ ಅಂತಹ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಯಾರಾದರೂ ತಾವಾಗಿಯೇ ಹೇಳಿದರೆ ಬರೆದುಕೊಳ್ಳಬಹುದು ಎಂದಿತು. ಹೈಕೋರ್ಟ್ ಸಮೀಕ್ಷೆಗೆ ತಡೆ ನೀಡಲಿಲ್ಲ, ಆದರೆ ಮಾಹಿತಿ ಕೊಡುವುದು ಬಿಡುವುದು ಜನರ ಇಷ್ಟ ಎಂದು ಸ್ಪಷ್ಟಪಡಿಸಿತು.

ಜೋಡಿ ಹೆಸರುಗಳು ತೆರೆಯಿಂದ ಮರೆಯಾದವು. ಅವು ಎತ್ತಿದ ಪ್ರಶ್ನೆ ಮರೆಯಾಗಲಿಲ್ಲ: ಒಬ್ಬ ಮನುಷ್ಯ ಕ್ರೈಸ್ತನಾದ ದಿನ ಅವನ ಜಾತಿ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಸರ್ಕಾರದ ಕಡತಗಳಲ್ಲಿಯೇ ಮೂರು ಉತ್ತರಗಳಿವೆ. ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಅವರು ಪರಿಶಿಷ್ಟ ಜಾತಿಯವರಲ್ಲ ಎನ್ನುತ್ತದೆ ರಾಷ್ಟ್ರಪತಿಗಳ 1950ರ ಆದೇಶ. ಪರಿಶಿಷ್ಟ ಪಂಗಡದವರಿಗೆ ಆ ನಿರ್ಬಂಧವಿಲ್ಲ, ಎಚ್.ಡಿ. ಕೋಟೆಯ ಹಾಡಿಯ ಜೇನು ಕುರುಬರು ಯಾವ ದೇವರಿಗೆ ಕೈ ಮುಗಿದರೂ ಪಂಗಡದವರೇ. ಇನ್ನು ಕರ್ನಾಟಕ ಸರ್ಕಾರ ಕ್ರೈಸ್ತರನ್ನು ಒಟ್ಟಾಗಿ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯ ಪ್ರವರ್ಗ 3ಬಿಯಲ್ಲಿ ಇಟ್ಟಿದೆ. ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಮಾತ್ರ ಬೇರೆ ಮಾಡಿ ಪ್ರವರ್ಗ 1ರಲ್ಲಿ ಸೇರಿಸಿದೆ. ಅಂದರೆ ಜಾತಿ ಹೋಗಿದೆ, ಹೋಗಿಲ್ಲ, ಅರ್ಧ ಹೋಗಿದೆ. ಒಂದೇ ಊರಿನ ಮೂರು ಮನೆಯವರಿಗೆ ತಹಶೀಲ್ದಾರ್ ಕಚೇರಿಯಲ್ಲಿ ಮೂರು ಬಗೆಯ ನ್ಯಾಯ ಸಿಗುವುದಕ್ಕೆ ಇಷ್ಟು ಸಾಕು.

ಮೈಸೂರು, ಮಂಡ್ಯ ಸೀಮೆಯ ಕ್ರೈಸ್ತ ಸಭೆಗಳು ಒಟ್ಟಾಗಿ ಸಾಮಾಜಿಕ ನ್ಯಾಯದ ಮಾತಾಡಬೇಕಾದಾಗ ಮೊದಲು ಎಡವುವುದು ಈ ಪ್ರಶ್ನೆಯ ಮೇಲೆಯೇ. ಹೊರಗಿನವರಿಗೆ ಚರ್ಚ್ ಎಂದರೆ ಒಂದೇ. ಒಳಗೆ ನಿಂತು ನೋಡಿದವರಿಗೆ ಗೊತ್ತು, ಅದೊಂದು ದೊಡ್ಡ ವಠಾರ: ಒಂದೇ ಅಂಗಳ, ಬೇರೆ ಬೇರೆ ಬಾಗಿಲು, ಬೇರೆ ಬೇರೆ ಬೀಗ.

ಮೈಸೂರಿನ ಅಶೋಕ ರಸ್ತೆಯಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳಿವೆ. 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅದು ರೋಮನ್ ಕ್ಯಾಥೋಲಿಕರ ಪ್ರಧಾನಾಲಯ. ಅಲ್ಲಿಂದ ಸ್ವಲ್ಪ ನಡೆದರೆ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಆ ಹೆಸರು ಹೇಳಿದರೆ ಆಟೋದವರು ತಿರುಗಿ ನೋಡುತ್ತಾರೆ. ‘ಮಿಷನ್ ಆಸ್ಪತ್ರೆ’ ಎಂದರೆ ಮೀಟರ್ ಹಾಕುತ್ತಾರೆ. 1906ರಲ್ಲಿ ಬ್ರಿಟಿಷ್ ಮೆಥಡಿಸ್ಟರ ವೆಸ್ಲಿಯನ್ ಮಿಷನ್ ಹೆಂಗಸರಿಗೂ ಮಕ್ಕಳಿಗೂ ಎಂದು ಕಟ್ಟಿದ್ದು, ಈಗ ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆಯದು. ಉಪನಗರ ಬಸ್ ನಿಲ್ದಾಣದ ಬಳಿಯ ಸಂತ ಬಾರ್ತಲೋಮಿಯೋ ಚರ್ಚ್ 1830ರ ದಶಕದ್ದು, ಮೂಲದಲ್ಲಿ ಬ್ರಿಟಿಷರ ಆಂಗ್ಲಿಕನ್ ಚರ್ಚ್. ಇವುಗಳ ನಡುವೆ ಬಡಾವಣೆಗಳ ಬಾಡಿಗೆ ಹಾಲ್‌ಗಳಲ್ಲಿ, ಮನೆಯ ಮೊದಲ ಮಹಡಿಯಲ್ಲಿ, ತಗಡಿನ ಶೆಡ್ಡುಗಳಲ್ಲಿ ನಡೆಯುವ ಪೆಂಟೆಕೋಸ್ಟಲ್ ಮತ್ತು ಸ್ವತಂತ್ರ ಪ್ರಾರ್ಥನಾ ಮಂದಿರಗಳು. ಅವುಗಳಿಗೆ ಗೋಪುರವೂ ಇಲ್ಲ, ಗಂಟೆಯೂ ಇಲ್ಲ.

ಮಂಡ್ಯ ಜಿಲ್ಲೆಯ ನಂಟು ಇನ್ನೂ ಹಳೆಯದು. 1799ರಲ್ಲಿ ಟಿಪ್ಪು ಪತನವಾದ ಮೇಲೆ ಶ್ರೀರಂಗಪಟ್ಟಣದ ಸುತ್ತಮುತ್ತಲ ಕ್ಯಾಥೋಲಿಕರನ್ನು ಮತ್ತೆ ಒಂದುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಈ ಭಾಗದಲ್ಲಿ ‘ದೊಡ್ಡ ಸ್ವಾಮಿ’ ಎನಿಸಿಕೊಂಡರು. ಗಂಜಾಂ, ಪಾಲಹಳ್ಳಿ ಕಡೆಯ ಹಳೆಯ ಕ್ರೈಸ್ತ ನೆಲೆಗಳ ಮಾತು ಬಂದಾಗಲೆಲ್ಲ ಅವರ ಹೆಸರೂ ಬರುತ್ತದೆ. ಹಳ್ಳಿಗರಿಗೆ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರು ಅವರು. ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಬೇಕು. ಮಂಡ್ಯ ಜಿಲ್ಲೆಯ ಕ್ಯಾಥೋಲಿಕರ ಮೇಲೆ ಎರಡು ಧರ್ಮಪ್ರಾಂತ್ಯಗಳಿವೆ: ಲ್ಯಾಟಿನ್ ಪದ್ಧತಿಯ ಮೈಸೂರು ಧರ್ಮಪ್ರಾಂತ್ಯ, ಮತ್ತು ಕೇರಳ ಮೂಲದ ಸಿರೋ-ಮಲಬಾರ್ ಪದ್ಧತಿಯವರಿಗಾಗಿ 2010ರ ಜನವರಿಯಲ್ಲಿ ರಚನೆಯಾದ ಮಂಡ್ಯ ಧರ್ಮಪ್ರಾಂತ್ಯ. ಇಬ್ಬರಿಗೂ ಪೋಪ್ ಒಬ್ಬರೇ. ಆದರೂ ಪೂಜಾವಿಧಿ ಬೇರೆ, ಬಿಷಪ್ಪರು ಬೇರೆ. ಐಕ್ಯದ ಮಾತನ್ನು ಪ್ರಾಟೆಸ್ಟಂಟರವರೆಗೆ ಎಳೆಯುವ ಮೊದಲೇ ಮನೆಯೊಳಗೆ ಕೆಲಸವಿದೆ.

ಬೇರೆ ಬೇರೆ ಸಭೆಗಳು ಒಂದುಗೂಡುವ ಪ್ರಯತ್ನವನ್ನು ಇಂಗ್ಲಿಷಿನಲ್ಲಿ ‘ಎಕ್ಯುಮೆನಿಕಲ್’ ಎನ್ನುತ್ತಾರೆ, ಅದು ಗ್ರೀಕಿನಿಂದ ಬಂದ ಪದ. ಅದರ ಬೇರಿನಲ್ಲಿ ಮನೆ ಎಂಬ ಅರ್ಥವಿದೆ. ಜನ ಬಾಳುವ ಇಡೀ ಭೂಮಿ ಎಂಬುದು ಅದರ ವಿಸ್ತಾರ. ಕನ್ನಡದಲ್ಲಿ ಇದಕ್ಕೆ ಕ್ರೈಸ್ತೈಕ್ಯ, ಸಭೈಕ್ಯ ಎಂದೆಲ್ಲ ಪದಗಳು ಹುಟ್ಟಿದರೂ ಜನರ ಬಾಯಿಗೆ ಹತ್ತಲಿಲ್ಲ. ಜನ ಹೇಳುವುದು ‘ಎಲ್ಲ ಸಭೆಯವರೂ ಸೇರಿ’ ಎಂದು. ಸೇರುವುದು ಸುಲಭವಲ್ಲ ಎಂಬುದಕ್ಕೆ ಭಾಷೆಯೇ ಸಾಕ್ಷಿ. ಕ್ಯಾಥೋಲಿಕರಿಗೆ ಬಲಿಪೂಜೆ, ಸಿಎಸ್‌ಐನವರಿಗೆ ಆರಾಧನೆ. ಇವರಿಗೆ ಧರ್ಮಕೇಂದ್ರ, ಅವರಿಗೆ ಸಭೆ. ಇವರಿಗೆ ಗುರುಗಳು, ಅವರಿಗೆ ಸಭಾಪಾಲಕರು. ಯೇಸು ತಾನೇ ಕಲಿಸಿದ ಪ್ರಾರ್ಥನೆಯನ್ನು ಒಟ್ಟಿಗೆ ಹೇಳಲು ನಿಂತರೂ ಒಬ್ಬರು ‘ಸ್ವರ್ಗದಲ್ಲಿರುವ’ ಎಂದು ಶುರುಮಾಡುತ್ತಾರೆ, ಇನ್ನೊಬ್ಬರು ‘ಪರಲೋಕದಲ್ಲಿರುವ’ ಎಂದು. ಮೊದಲ ಪದದಲ್ಲೇ ದಾರಿ ಕವಲೊಡೆದು, ‘ನಮ್ಮ ತಂದೆಯೇ’ ಎಂಬಲ್ಲಿ ಕೂಡಿಕೊಳ್ಳುತ್ತದೆ.

ಇತಿಹಾಸ ಚುರುಕಾಗಿ ಹೇಳುವುದಾದರೆ ಹೀಗೆ. ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಮಿಷನ್‌ಗಳು ಜಗಳ ತಪ್ಪಿಸಲು ಕನ್ನಡ ನಾಡನ್ನು ಹಂಚಿಕೊಂಡಿದ್ದವು: ಕರಾವಳಿ ಮತ್ತು ಧಾರವಾಡ ಬಾಸೆಲ್ ಮಿಷನ್ನಿಗೆ, ಬಳ್ಳಾರಿ ಲಂಡನ್ ಮಿಷನ್ನಿಗೆ, ಮೈಸೂರು ಕಡೆ ವೆಸ್ಲಿಯನ್ನರಿಗೆ. ಗಡಿ ಗುರುತಿಸಿ ಹೊಲ ಹಂಚಿಕೊಂಡಂತೆ. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಆಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲಿಸ್ಟರು ಸೇರಿ ಸಿಎಸ್‌ಐ ಆಯಿತು. ಬಿಷಪ್ಪರನ್ನು ಒಪ್ಪುವ ಸಂಪ್ರದಾಯವೂ ಒಪ್ಪದ ಸಂಪ್ರದಾಯವೂ ಒಂದೇ ಸಭೆಯಲ್ಲಿ ಕರಗಿದ್ದು ಜಗತ್ತಿನ ಕ್ರೈಸ್ತರು ತಿರುಗಿ ನೋಡಿದ ಸಂಗತಿ. ಕ್ಯಾಥೋಲಿಕರು ಈ ದಾರಿಗೆ ಅಧಿಕೃತವಾಗಿ ಬಂದದ್ದು 1964ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ಐಕ್ಯದ ಆದೇಶದ ನಂತರ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ನಡೆಯುವ ಕ್ರೈಸ್ತ ಐಕ್ಯದ ಪ್ರಾರ್ಥನಾ ವಾರದಲ್ಲಿ ಇವರು ಅವರ ಕಡೆಗೂ ಅವರು ಇವರ ಕಡೆಗೂ ಹೋಗಿಬರುವುದು ಆಮೇಲೆ ರೂಢಿಗೆ ಬಂತು.

ಆ ವಾರದ ಪ್ರಾರ್ಥನೆಗಳಲ್ಲಿ ಒಂದು ವರ್ಷದ್ದು ನಮಗೆ ಮುಖ್ಯ. 2013ರ ಪಾಠವನ್ನು ಜಗತ್ತಿನ ಎಲ್ಲ ಸಭೆಗಳಿಗಾಗಿ ಸಿದ್ಧಪಡಿಸಿದ್ದು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿ. ಜೊತೆಗೆ ಕ್ಯಾಥೋಲಿಕ್ ವಿದ್ಯಾರ್ಥಿ ಒಕ್ಕೂಟ ಮತ್ತು ಪ್ರಾಟೆಸ್ಟಂಟ್, ಆರ್ಥಡಾಕ್ಸ್ ಸಭೆಗಳ ರಾಷ್ಟ್ರೀಯ ಮಂಡಳಿ ಎನ್‌ಸಿಸಿಐ. ಅವರು ಆಯ್ದುಕೊಂಡದ್ದು ಪ್ರವಾದಿ ಮೀಕನ ಆರನೆಯ ಅಧ್ಯಾಯ: ದೇವರು ಕೇಳುವುದು ಹೋಮಬಲಿಯನ್ನಲ್ಲ, ನ್ಯಾಯವನ್ನು. ಆಯ್ಕೆಗೆ ಕೊಟ್ಟ ಕಾರಣ ದಲಿತರು. ಜಾತಿಯಿಂದ ಒಡೆದಿರುವ ಸಭೆ ಐಕ್ಯಕ್ಕಾಗಿ ಪ್ರಾರ್ಥಿಸುವುದೆಂದರೆ ಮೊದಲು ಆ ಒಡಕಿನ ಬಗ್ಗೆ ಮಾತಾಡುವುದು ಎಂಬುದು ಅವರ ವಾದ. ಯುರೋಪಿನ ದೈವಶಾಸ್ತ್ರಜ್ಞರು ಐಕ್ಯವೆಂದರೆ ಪ್ರಭುಭೋಜನ ಯಾರು ಯಾರಿಗೆ ಕೊಡಬಹುದು ಎಂಬ ತಕರಾರು ಎಂದುಕೊಂಡಿದ್ದಾಗ, ನಮ್ಮ ಹುಡುಗರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತೀರೋ ಇಲ್ಲವೋ ಎಂದು ಕೇಳಿದರು. ಈ ಇಡೀ ಚಳವಳಿಗೆ ಭಾರತ ಕೊಟ್ಟ ಅತ್ಯಂತ ಪ್ರಾಮಾಣಿಕ ಕೊಡುಗೆ ಇದು ಎಂಬುದು ನನ್ನ ಅಭಿಪ್ರಾಯ.

ಇನ್ನು ನೆಲದ ಮೇಲಿನ ಕೆಲಸ. ಮೈಸೂರಿನವರಿಗೆ ಚರ್ಚ್ ಎಂದರೆ ಬಹುಕಾಲ ಶಾಲೆ, ಆಸ್ಪತ್ರೆ, ಅನಾಥಾಲಯ, ಅಚ್ಚುಕೂಟ. ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಅಚ್ಚುಮೊಳೆಗಳ ಋಣ ಕನ್ನಡ ಮುದ್ರಣದ ಮೇಲೆ ಇದೆ. ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ ಒಡಿಪಿ ಹಳ್ಳಿಗಳ ಮಹಿಳಾ ಸ್ವಸಹಾಯ ಸಂಘಗಳ ನಡುವೆ ಕೆಲಸ ಮಾಡುತ್ತ ಬಂದಿದೆ. ಸೇವೆಯಲ್ಲಿ ಸಭೆಗಳಿಗೆ ಒಬ್ಬರಿಗೊಬ್ಬರ ಅಗತ್ಯ ಹೆಚ್ಚು ಬೀಳಲಿಲ್ಲ. ನಿಮ್ಮ ಶಾಲೆ ನಿಮಗೆ, ನಮ್ಮ ಆಸ್ಪತ್ರೆ ನಮಗೆ. ಹಕ್ಕಿನ ಮಾತು ಹಾಗಲ್ಲ. ಜಿಲ್ಲಾಧಿಕಾರಿ ಕಚೇರಿಗೆ ಮನವಿ ಪತ್ರ ಹಿಡಿದು ಹೋಗುವಾಗ ತಲೆ ಎಷ್ಟು ಎಂಬ ಲೆಕ್ಕ ಬೇಕಾಗುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಅದರಲ್ಲೂ ನಾಲ್ಕು ಗುಂಪು ನಾಲ್ಕು ದಿನ ನಾಲ್ಕು ಪತ್ರ ಕೊಟ್ಟರೆ ಗುಮಾಸ್ತರು ನಾಲ್ಕಕ್ಕೂ ಸೀಲು ಒತ್ತಿ ಕಪಾಟಿಗೆ ಸೇರಿಸುತ್ತಾರೆ.

ಹಣದ ದಾರಿಯೂ ಬದಲಾಗಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವುದನ್ನು ಪೂರ್ತಿ ನಿಷೇಧಿಸಿತು. ಎರಡನೆಯದರ ಪೆಟ್ಟು ಒಕ್ಕೂಟಗಳಿಗೆ ಜೋರಾಗಿ ಬಿತ್ತು. ದೊಡ್ಡ ಸಂಸ್ಥೆಗೆ ಬಂದ ಹಣ ಸಣ್ಣ ಸಂಸ್ಥೆಗೆ ಹರಿದು, ಅಲ್ಲಿಂದ ಹಳ್ಳಿಯ ಕಾರ್ಯಕರ್ತೆಯ ಗೌರವಧನವಾಗುತ್ತಿದ್ದ ಕಾಲುವೆ ಅದು. ಕಾಲುವೆಗೆ ತೂಬು ಇಳಿಬಿಟ್ಟ ಮೇಲೆ ಕೊನೆಯ ಗದ್ದೆಗೆ ನೀರು ಬಾರದು. ವಿಶ್ವೇಶ್ವರಯ್ಯ ನಾಲೆಯ ತುದಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಭೆಗಳ ಸಹಕಾರ ಅಂದಿನಿಂದ ಹಣದ ಬಲ ಕಳೆದುಕೊಂಡು ಸ್ವಂತ ಕಾಣಿಕೆ ಡಬ್ಬಿಯ ಮೇಲೆ, ದನಿಯ ಮೇಲೆ ನಿಲ್ಲಬೇಕಾಯಿತು. ಇದರಲ್ಲಿ ನಷ್ಟವೇ ಹೆಚ್ಚು. ಆದರೂ ಹೊರಗಿನ ಹಣಕ್ಕೆ ತಕ್ಕಂತೆ ಯೋಜನೆ ಬರೆಯುವ ಚಾಳಿ ಸ್ವಲ್ಪ ತಗ್ಗಿದ್ದನ್ನು ಲಾಭದ ಕಡೆಗೇ ಬರೆಯಬೇಕು.

ಆದರೂ ಸಭೆಗಳನ್ನು ನಿಜವಾಗಿ ಹತ್ತಿರ ತಂದದ್ದು ಪ್ರಾರ್ಥನಾ ವಾರವೂ ಅಲ್ಲ, ಹಣದ ಕೊರತೆಯೂ ಅಲ್ಲ. ಭಯ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಬೇರೆ ಕಡೆ ಚರ್ಚುಗಳ ಮೇಲೆ ನಡೆದ ದಾಳಿಗಳು, ಅವುಗಳ ಬಗ್ಗೆ 2011ರ ಜನವರಿಯಲ್ಲಿ ಬಂದ ನ್ಯಾಯಮೂರ್ತಿ ಸೋಮಶೇಖರ ಆಯೋಗದ ವರದಿ, ವರದಿಯ ಮೇಲೆ ನಡೆದ ವಾದವಿವಾದ, ಇವೆಲ್ಲ ರಾಜ್ಯಮಟ್ಟದಲ್ಲಿ ಸಂಯುಕ್ತ ವೇದಿಕೆಗಳಿಗೆ ಗಟ್ಟಿತನ ಕೊಟ್ಟವು. 2021ರ ಡಿಸೆಂಬರ್ 23ರಂದು ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ನೀಡಿತು. ಅದೇ ಹೊತ್ತಿಗೆ ಪಾಂಡವಪುರದ ಶಾಲೆಯೊಂದಕ್ಕೆ ಗುಂಪೊಂದು ನುಗ್ಗಿ ಕ್ರಿಸ್ಮಸ್ ಆಚರಣೆಯನ್ನು ಪ್ರಶ್ನಿಸಿದ ವಿಡಿಯೊ ಊರೂರು ಸುತ್ತಿತು. ಮರುವರ್ಷ ಕ್ರಿಸ್ಮಸ್ ಆದ ಎರಡೇ ದಿನಕ್ಕೆ ಪಿರಿಯಾಪಟ್ಟಣದ ಸಂತ ಮರಿಯಮ್ಮನವರ ಚರ್ಚಿನಲ್ಲಿ ಬಾಲಯೇಸುವಿನ ಪ್ರತಿಮೆಗೆ ಹಾನಿಯಾಯಿತು. ಪೊಲೀಸರು ಅದನ್ನು ಕಳ್ಳತನಕ್ಕೆ ಬಂದವರ ಕೃತ್ಯ ಎಂದು ನೋಡಿದರು. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ತಪ್ಪು. ಆದರೆ ಹೆದರಿದ ಜನ ಪೋಣಿಸಿಯೇ ನೋಡುತ್ತಾರೆ.

ಆ ಮತಾಂತರ ನಿಷೇಧ ಮಸೂದೆಯೇ ಮುಂದೆ 2022ರ ಕಾಯ್ದೆಯಾಯಿತು. ಅದರ ಒಳಗೆ ಒಂದು ಸೂಕ್ಷ್ಮವಿದೆ; ಸಭೆಗಳ ಒಗ್ಗಟ್ಟನ್ನು ಅರ್ಥ ಮಾಡಿಕೊಳ್ಳಲು ಅದನ್ನು ಗಮನಿಸಬೇಕು. ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ರಕ್ತಸಂಬಂಧಿಗಳಷ್ಟೇ ಅಲ್ಲ ಸಹೋದ್ಯೋಗಿಯೂ ದೂರು ಕೊಡಬಹುದು, ತಪ್ಪಿಲ್ಲವೆಂದು ತೋರಿಸುವ ಹೊಣೆ ಆರೋಪಿಯ ಮೇಲೆ, ಮಹಿಳೆ ಅಥವಾ ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ 10 ವರ್ಷದವರೆಗೆ, ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ಹೆಚ್ಚು ಚರ್ಚೆಯಾಗದೆ ಉಳಿದದ್ದು ‘ಆಮಿಷ’ದ ವ್ಯಾಖ್ಯೆ. ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣ, ಉದ್ಯೋಗ, ಉತ್ತಮ ಜೀವನಶೈಲಿಯ ಭರವಸೆ, ಇವೂ ಆಮಿಷದ ಪಟ್ಟಿಯಲ್ಲಿವೆ. ಅಲ್ಲಿಯವರೆಗೆ ಹಳೆಯ ಸಭೆಗಳು ಹಳ್ಳಿಯ ಸ್ವತಂತ್ರ ಪಾಸ್ಟರುಗಳಿಂದ ಒಂದು ಮಾರು ದೂರ ನಿಂತಿದ್ದವು. ಮನೆಮನೆಗೆ ಹೋಗಿ ಜೋರಾಗಿ ಪ್ರಾರ್ಥಿಸಿ ಇಲ್ಲದ ರಗಳೆ ತರುವವರು ಅವರು, ನಾವು ಶಾಲೆ ನಡೆಸುವ ಗೌರವಸ್ಥರು ಎಂಬ ಭಾವ ಒಳಗೊಳಗೆ ಇತ್ತು, ಈಗಲೂ ಇದೆ. ಕಾಯ್ದೆ ಆ ದೂರವನ್ನು ಅಳಿಸಿಬಿಟ್ಟಿತು: ತಗಡಿನ ಶೆಡ್ಡಿನ ಪಾಸ್ಟರೂ ನೂರು ವರ್ಷದ ಶಾಲೆಯ ಮುಖ್ಯಸ್ಥರೂ ಒಂದೇ ಸೆಕ್ಷನ್ನಿನ ಕೆಳಗೆ ಬಂದರು. 2022ರಲ್ಲಿ ಕ್ರೈಸ್ತರ ಮೇಲಿನ ಹಿಂಸೆಯ ವಿರುದ್ಧ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ಜೊತೆ ಅರ್ಜಿದಾರರಾಗಿದ್ದುದು ಸುವಾರ್ತೆ ಸಾರುವ ಪ್ರಾಟೆಸ್ಟಂಟ್ ಸಭೆಗಳ ಒಕ್ಕೂಟವಾದ ಇವ್ಯಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾ. ಒಂದು ತಲೆಮಾರಿನ ಹಿಂದೆ ಈ ಎರಡು ಹೆಸರು ಒಂದೇ ವಕಾಲತ್ತಿನಲ್ಲಿ ಬರುವುದನ್ನು ಊಹಿಸುವುದು ಕಷ್ಟವಿತ್ತು.

ಕಾಯ್ದೆಯನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್ 15ರಂದು ತೀರ್ಮಾನಿಸಿತು. ಆ ಸುದ್ದಿ ಬಂದ ಮೇಲೆ ಒಗ್ಗಟ್ಟಿನ ಬಿಗಿ ಸಡಿಲವಾದದ್ದನ್ನು ಗಮನಿಸಿದವರು ನಾನೊಬ್ಬನೇ ಇರಲಾರೆ. ಭಯದಿಂದ ಹುಟ್ಟಿದ ಒಗ್ಗಟ್ಟಿಗೆ ಭಯದಷ್ಟೇ ಆಯುಸ್ಸು. ಹಾಗಾದರೆ ಭಯ ಇಲ್ಲದ ದಿನ ಸಭೆಗಳು ಯಾವುದಕ್ಕಾಗಿ ಸೇರಬೇಕು? ಇಲ್ಲಿ ಮತ್ತೆ ಸಮೀಕ್ಷೆಯ ಜಾತಿ ಕಾಲಮ್ಮಿಗೆ ಬರಬೇಕಾಗುತ್ತದೆ.

1950ರ ಆಗಸ್ಟ್ 10ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಪ್ಯಾರಾ ಹಿಂದೂಗಳಲ್ಲದವರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರು, ಮುಸ್ಲಿಮರು ಬಾಗಿಲಲ್ಲೇ ಉಳಿದರು. ಇದು ಬರೀ ಕೆಲಸ, ಕಾಲೇಜು ಸೀಟಿನ ಮಾತಲ್ಲ. ಮೀಸಲು ಕ್ಷೇತ್ರದಲ್ಲಿ ಸ್ಪರ್ಧಿಸುವ ಹಕ್ಕು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹೋಗುತ್ತದೆ. ಹೊಡೆಯುವವನು ಹಳೆಯ ಜಾತಿ ಹೆಸರು ಹಿಡಿದೇ ಬೈದು ಹೊಡೆಯುತ್ತಾನೆ. ಠಾಣೆಯಲ್ಲಿ ದೂರು ಬರೆಯುವಾಗ ಮಾತ್ರ ಆ ಜಾತಿ ಇಲ್ಲ. ಕ್ರೈಸ್ತರಾದವರು ಈ ಕಾಯ್ದೆಯಡಿ ದೂರು ಕೊಡಲಾಗದು ಎಂದು ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ ಪಾಸ್ಟರ್ ಒಬ್ಬರ ಪ್ರಕರಣದಲ್ಲಿ ಹೇಳಿತು. ಮೀಸಲಾತಿಯ ಲಾಭಕ್ಕಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ, ಸೆಲ್ವರಾಣಿ ಪ್ರಕರಣದಲ್ಲಿ ಹೇಳಿತು. ಭಾನುವಾರ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಎಂದು ಬದುಕುವ ಕುಟುಂಬಗಳಿಗೆ ಈ ತೀರ್ಪು ನಡುಕ ಹುಟ್ಟಿಸಿದ್ದರೆ ಆಶ್ಚರ್ಯವಿಲ್ಲ.

ಈ ವಿಷಯದಲ್ಲಿ ಸಭೆಗಳು ಒಂದಾಗಿವೆ, ನಿಜ. ಆಗಸ್ಟ್ 10ನ್ನು ಕರಾಳ ದಿನವೆಂದು ಕ್ಯಾಥೋಲಿಕ್ ಬಿಷಪ್ಪರ ಸಮ್ಮೇಳನ ಸಿಬಿಸಿಐ ಮತ್ತು ಎನ್‌ಸಿಸಿಐ ಎರಡೂ ಆಚರಿಸುತ್ತವೆ. ನವೆಂಬರಿನಲ್ಲಿ ದಲಿತ ವಿಮೋಚನಾ ಭಾನುವಾರವನ್ನು ಜಂಟಿಯಾಗಿ ಆಚರಿಸುತ್ತವೆ. ನ್ಯಾಯಮೂರ್ತಿ ರಂಗನಾಥ ಮಿಶ್ರ ಆಯೋಗ 2007ರಲ್ಲಿ ಪರಿಶಿಷ್ಟ ಸ್ಥಾನಮಾನಕ್ಕೂ ಧರ್ಮಕ್ಕೂ ಇರುವ ಗಂಟನ್ನು ಬಿಚ್ಚಿ ಎಂದು ಶಿಫಾರಸು ಮಾಡಿತ್ತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಹೊಸ ಆಯೋಗ ಬಂತು. ಎರಡು ವರ್ಷದ ಅವಧಿ ಸಾಲದೆ ವಿಸ್ತರಣೆ ಪಡೆದು ಅದು ಮುಂದುವರಿಯಿತು.

ಆದರೆ ಈ ಬೇಡಿಕೆಯ ಹೊಟ್ಟೆಯಲ್ಲಿ ಒಂದು ಮುಳ್ಳಿದೆ. 1985ರ ಸೂಸೈ ಪ್ರಕರಣ ಅದನ್ನು ಬಯಲು ಮಾಡಿತು. ಸೂಸೈ ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು. ಆದಿ ದ್ರಾವಿಡ, ಕ್ರೈಸ್ತ. ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆ ಅಂಗಡಿ ತನಗೆ ಸಿಗಲಿಲ್ಲವೆಂದು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟ್ ಅವರ ಬಡತನವನ್ನು ಪ್ರಶ್ನಿಸಲಿಲ್ಲ. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದು ತೋರಿಸಿದರಷ್ಟೇ ಸಾಲದು, ಹಿಂದೂ ಸಮಾಜದಲ್ಲಿ ಅನುಭವಿಸಿದ ಕಷ್ಟ ಹೊಸ ಧರ್ಮದ ಪರಿಸರದಲ್ಲೂ ಅದೇ ತೀವ್ರತೆಯಿಂದ ಮುಂದುವರಿದಿದೆ ಎಂದು ಸಾಬೀತಾಗಬೇಕು ಎಂದಿತು. ಅದಕ್ಕೆ ಬೇಕಾದ ಸಾಕ್ಷ್ಯ ಇಲ್ಲವೆಂದು ಅರ್ಜಿ ವಜಾ ಆಯಿತು.

ಅಂದರೆ ದಲಿತ ಕ್ರೈಸ್ತರ ಹಕ್ಕಿಗಾಗಿ ಸಭೆಗಳು ಒಟ್ಟಾಗಿ ವಾದಿಸಬೇಕಾದರೆ, ಸಭೆಯೊಳಗೆ ಜಾತಿ ಇದೆ, ಅದು ಕಚ್ಚುತ್ತದೆ, ಎಂದು ಸಭೆಗಳೇ ಸಾಕ್ಷಿ ಹೇಳಬೇಕು. ‘ಕ್ರಿಸ್ತನಲ್ಲಿ ಭೇದವಿಲ್ಲ’ ಎಂದು ಭಾನುವಾರ ಬೋಧಿಸಿ, ಸೋಮವಾರ ಆಯೋಗದ ಮುಂದೆ ‘ಭೇದ ಇದೆ ಸ್ವಾಮಿ, ನಮ್ಮಲ್ಲೇ ಇದೆ’ ಎನ್ನಬೇಕು. ಮತಾಂತರದಿಂದ ಬಿಡುಗಡೆ ಸಿಗುತ್ತದೆ ಎಂದು ಒಂದೂವರೆ ಶತಮಾನ ಹೇಳಿಕೊಂಡು ಬಂದವರಿಗೆ ಇದು ಗಂಟಲಲ್ಲಿ ಇಳಿಯುವ ಮಾತಲ್ಲ.

ರಾಷ್ಟ್ರಮಟ್ಟದಲ್ಲಿ ಆ ಮಾತು ಬಂದಾಗಿದೆ. ಸಿಬಿಸಿಐ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ ಕ್ಯಾಥೋಲಿಕ್ ಸಭೆಯೊಳಗೆ ಜಾತಿ ತಾರತಮ್ಯ ಇದೆ ಎಂದು ಲಿಖಿತವಾಗಿ ಒಪ್ಪಿಕೊಂಡಿತು. ಭಾರತಕ್ಕೆ ಮೊದಲ ದಲಿತ ಕಾರ್ಡಿನಲ್, ಹೈದರಾಬಾದಿನ ಅಂತೋಣಿ ಪೂಲ, ಸಿಕ್ಕಿದ್ದು 2022ರ ಆಗಸ್ಟಿನಲ್ಲಿ. ತಡವಾಯಿತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ 1981ರಲ್ಲಿ ಕೊಟ್ಟ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಎಂಬ ಚಿಂತನಾ ಧಾರೆಯೇ ಹುಟ್ಟಿತು. ಅದಕ್ಕೆ ಎಂಟು ವರ್ಷ ಮೊದಲು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂದ ಸಚಿವ ಬಿ. ಬಸವಲಿಂಗಪ್ಪನವರ ಮಾತು ಬೆಂಕಿ ಹಚ್ಚಿ, ಆ ಕಾವಿನಿಂದ ದಲಿತ ಸಂಘರ್ಷ ಸಮಿತಿ ಬೆಳೆದಿತ್ತು. ಎರಡೂ ಒಂದೇ ಕಾಲದ, ನೂರೈವತ್ತು ಕಿಲೋಮೀಟರ್ ಅಂತರದ ಎಚ್ಚರಗಳು. ಆದರೆ ಒಂದು ಇಂಗ್ಲಿಷ್ ತರಗತಿಯಲ್ಲಿ ಬೆಳೆಯಿತು, ಇನ್ನೊಂದು ಕನ್ನಡದ ಬೀದಿಯಲ್ಲಿ. ದಲಿತ ದೈವಶಾಸ್ತ್ರ ಕನ್ನಡದಲ್ಲಿ ಮಾತಾಡಿದ್ದು ತೀರ ಕಡಿಮೆ. ಹಾಗಾಗಿಯೇ ಮಳವಳ್ಳಿಯ ಅಥವಾ ತಿ. ನರಸೀಪುರದ ಕೇರಿಯಲ್ಲಿ ಅಂಬೇಡ್ಕರ್ ಜಯಂತಿಯ ಚಪ್ಪರ ಮತ್ತು ಕ್ರಿಸ್ಮಸ್ ನಕ್ಷತ್ರ ಎದುರುಬದುರು ಮನೆಯಲ್ಲಿದ್ದರೂ ಮಾತುಕತೆ ಗೋಡೆ ದಾಟುವುದಿಲ್ಲ.

ದಲಿತ ಸಂಘಟನೆಗಳ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇರುವ ಪಾಲಿಗೆ ಹೊಸ ಪಾಲುದಾರರು ಬಂದರೆ ತಮ್ಮ ತಟ್ಟೆಯ ಅನ್ನ ಕಡಿಮೆಯಾಗುತ್ತದೆ, ಮಿಷನ್ ಶಾಲೆಯಲ್ಲಿ ಓದಿದವರು ಸೀಟು ಬಾಚಿಕೊಳ್ಳುತ್ತಾರೆ ಎಂಬ ಆತಂಕ ಅವರದು. ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಸೇರಿದೆ. ಮೂರು ದಶಕದ ಹೋರಾಟದ ಬಳಿಕ 2025ರ ಆಗಸ್ಟಿನಲ್ಲಿ ಸಂಪುಟ ಪರಿಶಿಷ್ಟ ಜಾತಿಯ ಶೇ. 17 ಮೀಸಲಾತಿಯನ್ನು ಎಡಗೈ ಗುಂಪಿನ ಜಾತಿಗಳಿಗೆ 6, ಬಲಗೈ ಗುಂಪಿನ ಜಾತಿಗಳಿಗೆ 6, ಉಳಿದವರಿಗೆ 5 ಎಂದು ಹಂಚಿತು. ಇಷ್ಟು ಬಿಗಿಯಾಗಿ ಅಳೆದು ಹಂಚಿದ ಪಂಕ್ತಿಗೆ ದಲಿತ ಕ್ರೈಸ್ತರನ್ನು ಎಲ್ಲಿ ಕೂರಿಸುವುದು? ಎಡಗೈ ಸಾಲಿನಲ್ಲೋ, ಬಲಗೈ ಸಾಲಿನಲ್ಲೋ, ಬೇರೆ ಎಲೆ ಹಾಕಿಯೋ? ಒಟ್ಟು ಮೀಸಲಾತಿ ಹೆಚ್ಚಿಸಿ ಎಂಬುದು ಸಿದ್ಧ ಉತ್ತರ. ಅದು ಮೀಸಲಾತಿ ಶೇ. 50 ಮೀರಬಾರದು ಎಂಬ ಕೋರ್ಟಿನ ಗೋಡೆಗೆ ಬಡಿಯುತ್ತದೆ. ಸಭೆಗಳು ಈ ಲೆಕ್ಕವನ್ನು ಹೋರಾಟಗಾರರ ಜೊತೆ ಕೂತು ಮಾಡದೆ ನೇರವಾಗಿ ದೆಹಲಿಗೆ ಮನವಿ ಕಳಿಸಿದ್ದು ತಪ್ಪು ಎಂದೇ ನನಗೆ ಅನಿಸುತ್ತದೆ. ಒಳಮೀಸಲಾತಿಗಾಗಿ ರಸ್ತೆಯಲ್ಲಿ ನಡೆದವರ ಜೊತೆ ಎಷ್ಟು ಪಾದ್ರಿಗಳು ನಡೆದರು ಎಂದು ಕೇಳಿದರೆ ಉತ್ತರ ಮುಜುಗರದ್ದು.

ತಮ್ಮವರಿಗಾಗಿ ಮಾತ್ರ ದನಿ ಎತ್ತುವುದು ಹಿತಾಸಕ್ತಿ. ಅದರಲ್ಲಿ ತಪ್ಪಿಲ್ಲ, ಆದರೆ ಅದನ್ನು ಸಾಮಾಜಿಕ ನ್ಯಾಯ ಎಂದು ಕರೆಯುವುದು ಸ್ವಲ್ಪ ಜಂಬವಾದೀತು. ಸದಸ್ಯರ ಪಟ್ಟಿಯಲ್ಲಿ ಹೆಸರಿಲ್ಲದವರಿಗಾಗಿ ಏನು ಮಾಡಿದಿರಿ ಎಂಬ ಪ್ರಶ್ನೆಗೆ ಈ ಸೀಮೆಯಲ್ಲೇ ಒಂದು ಕಹಿ ಉದಾಹರಣೆ ಇದೆ. 2023ರ ನವೆಂಬರಿನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಹೆಣ್ಣುಕೂಸುಗಳ ಲೆಕ್ಕ ಮುಗಿಯುತ್ತಿತ್ತು. ಹೆಂಗಸರಿಗೂ ಮಕ್ಕಳಿಗೂ ಎಂದೇ ಆಸ್ಪತ್ರೆ ಕಟ್ಟಿದ ಸಭೆಗಳು ಒಂದೇ ದನಿಯಲ್ಲಿ ಮಾತಾಡಬೇಕಾದ ಹೊತ್ತು ಅದು. ಮನವಿ ಪತ್ರದ ಭಾಷೆಯಲ್ಲೇ ತೊಡಕಿದೆ. ಕ್ಯಾಥೋಲಿಕ್ ಬೋಧನೆಗೆ ಎಲ್ಲ ಗರ್ಭಪಾತವೂ ಪಾಪ. ಪ್ರಾಟೆಸ್ಟಂಟ್ ಸಭೆಗಳ ನಿಲುವು ಅಷ್ಟು ಬಿಗಿಯಲ್ಲ. ಮಹಿಳಾ ಸಂಘಟನೆಗಳು ಲಿಂಗ ಪತ್ತೆಯನ್ನು ವಿರೋಧಿಸುತ್ತಲೇ ಕಾನೂನುಬದ್ಧ ಗರ್ಭಪಾತದ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಮೂವರೂ ಸಹಿ ಹಾಕಬಹುದಾದ ವಾಕ್ಯ ಒಂದೇ: 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ. ಅಷ್ಟಕ್ಕೆ ನಿಲ್ಲಿಸುವ ಸಂಯಮ ಇದ್ದರೆ ಜೊತೆಗಾರರು ಸಿಗುತ್ತಾರೆ. ಬೋಧನೆಯನ್ನೂ ಸೇರಿಸಿ ಎಂದರೆ ಸಭೆ ಚದುರುತ್ತದೆ. ಐಕ್ಯದ ಕೆಲಸದಲ್ಲಿ ಅರ್ಧ ಪಾಲು ಇಂತಹ ವಾಕ್ಯ ಹುಡುಕುವುದೇ.

ಮನೆಯ ಒಳಗಿನ ನ್ಯಾಯದ ಮಾತೂ ಇದೆ. ಸಿಎಸ್‌ಐನ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನಾಡಿನ ಚುನಾವಣೆಯ ವ್ಯಾಜ್ಯ ಮದ್ರಾಸ್ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆಸ್ತಿ, ಆಡಳಿತ, ವರ್ಗಾವಣೆಯ ತಕರಾರುಗಳಿಗೆ ಯಾವ ಸಭೆಯೂ ಹೊರತಲ್ಲ. ಪೌರಕಾರ್ಮಿಕರ ಕಾಯಮಾತಿಗೆ ಬೆಂಬಲ ಸೂಚಿಸುವ ಸಭೆ ತನ್ನ ಗಂಟೆ ಬಾರಿಸುವವರಿಗೆ, ಶಾಲೆಯ ಆಯಾಗಳಿಗೆ ಕೊಡುವ ಸಂಬಳವನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ.

ಬಾಲಕೃಷ್ಣನ್ ಆಯೋಗಕ್ಕೆ ವಹಿಸಿರುವ ಕೆಲಸಗಳಲ್ಲಿ ಒಂದು, ಮತಾಂತರದ ನಂತರ ಜನರ ರೂಢಿ, ಸ್ಥಾನಮಾನ, ತಾರತಮ್ಯದಲ್ಲಿ ಏನು ಬದಲಾಯಿತು ಎಂದು ನೋಡುವುದು. ಅದಕ್ಕೆ ಬೇಕಾದ ದಾಖಲೆಗಳು ದೆಹಲಿಯಲ್ಲಿಲ್ಲ. ಅವು ಧರ್ಮಕೇಂದ್ರಗಳ ದೀಕ್ಷಾಸ್ನಾನದ ಪುಸ್ತಕಗಳಲ್ಲಿ, ಮದುವೆಯ ರಿಜಿಸ್ಟರುಗಳಲ್ಲಿ, ಸ್ಮಶಾನದಲ್ಲಿ ಯಾರ ಗುಂಡಿ ಎಲ್ಲಿ ತೋಡಿದೆ ಎಂಬ ನಕಾಶೆಯಲ್ಲಿ, ಸಭಾ ಸಮಿತಿಗೆ ಐವತ್ತು ವರ್ಷ ಆರಿಸಿಬಂದವರ ಹೆಸರುಗಳಲ್ಲಿ ಇವೆ. ಕ್ಯಾಥೋಲಿಕರದು ಒಂದು ಕಪಾಟಿನಲ್ಲಿ, ಸಿಎಸ್‌ಐನವರದು ಇನ್ನೊಂದರಲ್ಲಿ. ಸ್ವತಂತ್ರ ಸಭೆಗಳದು ಬಹುಪಾಲು ಪಾಸ್ಟರ್ ಮನೆಯ ನೋಟುಪುಸ್ತಕದಲ್ಲಿ. ಆ ಕಪಾಟುಗಳ ಬೀಗದ ಕೈ ಇರುವುದು ಸಭೆಗಳ ಕೈಯಲ್ಲೇ, ಮತ್ತು ಮೂರನ್ನೂ ಒಂದೇ ಮೇಜಿನ ಮೇಲೆ ಇಟ್ಟು ತೆರೆಯಿರಿ ಎಂದು ಯಾವ ಕಾನೂನೂ ಅವರನ್ನು ಕೇಳಿಲ್ಲ.